ಮೂರಕ್ಕೊಂದು 224: ನನ್ನ ಕ್ರಿಪ್ಟೋಗ್ರಫಿ ಕಲಿಕೆ, ನಾಲ್ಕು ವಾರ

ವಾರ 1

ಕ್ರಿಪ್ಟೋಗ್ರಫಿ ಅಂದರೆ ಸಂದೇಶವನ್ನು ಗುಟ್ಟಾಗಿಸುವ ವಿದ್ಯೆ. ಡೊಂಬಿವಲಿಯಿಂದ ದಾದರ್‌ಗೆ ದಿನಾ ಮುಂಬೈ ಲೋಕಲ್. ಸೀಟು ಸಿಕ್ಕಿದ ದಿನ ಓದು, ಸಿಗದ ದಿನ ಸುಮ್ನೆ ನೇತಾಡೋದು. ಈ ವಾರ ಎರಡೇ ದಿನ ಸೀಟು ಸಿಕ್ಕಿತು. ಸೀಸರ್ ಸೈಫರ್ ಮುಗಿಸಿದೆ. ಅಕ್ಷರಗಳನ್ನು ಇಂತಿಷ್ಟು ಮನೆ ಮುಂದೆ ತಳ್ಳುವುದು, ಅಷ್ಟೇ. ಇಂಗ್ಲಿಷಿನಲ್ಲಾದರೆ 25 ಸಲ ತಳ್ಳಿ ನೋಡಿದರೆ ಗುಟ್ಟು ರಟ್ಟು.

ವಾರ 2

ಎಕ್ಸಾರ್. ಎರಡು ಸಂಖ್ಯೆಗಳನ್ನು 0, 1ರ ಬಿಟ್‌ಗಳಾಗಿ ಬರೆದು ಹೋಲಿಸುವ ಲೆಕ್ಕ: ಬಿಟ್ ಒಂದೇ ಆದರೆ 0, ಬೇರೆಯಾದರೆ 1. ಒಂದೇ ಸಂಖ್ಯೆಯ ಜೊತೆ ಎರಡು ಸಲ ಎಕ್ಸಾರ್ ಮಾಡಿದರೆ ಮೊದಲಿದ್ದದ್ದೇ ವಾಪಸ್ ಬರುತ್ತದೆ. ಅಂದರೆ ಬೀಗ ಹಾಕೋದಕ್ಕೂ ತೆಗೆಯೋದಕ್ಕೂ ಒಂದೇ ಕೋಡು. ಪೈಥಾನ್‌ನಲ್ಲಿ ಹತ್ತು ಸಾಲು ಪ್ರೋಗ್ರಾಂ ಬರೆದೆ. ಕೀ, ಅಂದರೆ ಬೀಗದ ಗುಟ್ಟು ಸಂಖ್ಯೆ, 4212, ನಮ್ಮ ಪಿನ್‌ಕೋಡಿನ ಮೊದಲ ನಾಲ್ಕು ಅಂಕೆ. "ಶನಿವಾರ ಮಾಟುಂಗಾದಲ್ಲಿ ಸಿಗೋಣ" ಅನ್ನೋದನ್ನು ಅದರಲ್ಲಿ ಹಾಕಿ, ಬಂದ ಸಂಖ್ಯೆಗಳನ್ನು ಹಾಳೆಯಲ್ಲಿ ಬರೆದು ಅಕ್ಕನ ಮಗನಿಗೆ ಕೊಟ್ಟೆ. ಹತ್ತನೇ ಕ್ಲಾಸು, ಕ್ರಿಪ್ಟೋಗ್ರಫಿಯ ಗಂಧಗಾಳಿ ಇಲ್ಲ.

ಐದು ನಿಮಿಷ ಆಗಿರಲಿಲ್ಲ. "ಮಾಮಾ, ಮೂರಕ್ಕೊಂದು ಸಲ 210ರ ಆಸುಪಾಸೇ ಬರ್ತಿದೆಯಲ್ಲ?"

ನೋಡಿದರೆ ಹೌದು. ಮೊದಲನೆಯದು 212, ನಾಲ್ಕನೆಯದು 210, ಏಳನೆಯದು 209, ಹತ್ತನೆಯದು 210. ಕಾರಣ ಹುಡುಕಲು ಎರಡು ಸಂಜೆ ಹೋಯಿತು. ಯುಟಿಎಫ್-8ರಲ್ಲಿ (ಕಂಪ್ಯೂಟರ್ ಅಕ್ಷರಗಳನ್ನು ಸಂಖ್ಯೆಗಳಾಗಿ ಇಡುವ ಪದ್ಧತಿ) ಕನ್ನಡದ ಪ್ರತಿ ಗುರುತಿಗೂ ಮೂರು ಬೈಟು, ಅಂದರೆ 0ಯಿಂದ 255ರೊಳಗಿನ ಮೂರು ಸಂಖ್ಯೆ. ಶನಿವಾರ ನಮಗೆ ನಾಲ್ಕು ಅಕ್ಷರ, ಕಂಪ್ಯೂಟರಿಗೆ ಗುಣಿತದ ಚಿಹ್ನೆಗಳೂ ಸೇರಿ ಆರು, ಒಟ್ಟು 18 ಬೈಟು. ಆ ಮೂರರಲ್ಲಿ ಮೊದಲನೆಯದು ಯಾವಾಗಲೂ 224. ಎರಡನೆಯದು 178 ಅಥವಾ 179. ಮರಾಠಿಗೂ ಬಿಡುಗಡೆ ಇಲ್ಲ, ದೇವನಾಗರಿಯ ಮೊದಲ ಬೈಟೂ 224ನೇ.

ಈಗ 212ನ್ನು 224ರ ಜೊತೆ ಎಕ್ಸಾರ್ ಮಾಡಿ. 52 ಬರುತ್ತದೆ. ಇಂಗ್ಲಿಷ್ ಅಕ್ಷರ, ಅಂಕೆಗಳಿಗೆ ಸಂಖ್ಯೆ ಕೊಡುವ ಆಸ್ಕಿ ಪಟ್ಟಿಯಲ್ಲಿ ಅದು ಅಂಕೆ 4. ನನ್ನ ಕೀಯ ಮೊದಲ ಅಂಕೆ! ಕೀ ನಾಲ್ಕು ಬೈಟು, ಅಕ್ಷರ ಮೂರು ಬೈಟು, ಹಾಗಾಗಿ 224 ಒಂದೊಂದಾಗಿ ಕೀಯ ನಾಲ್ಕೂ ಅಂಕೆಗಳ ಕೆಳಗೆ ಬಂದು ನಿಲ್ಲುತ್ತದೆ. ಸಂದೇಶ ಕನ್ನಡದಲ್ಲಿದೆ ಅಂತ ಗೊತ್ತಿದ್ದರೆ ಸಾಕು, ಮೊದಲ ಪದದಲ್ಲೇ ಕೀ ಪೂರ್ತಿ ಕೈಗೆ. ವಿಧಾನ ಎಲ್ಲರಿಗೂ ಗೊತ್ತಿದ್ದರೂ ಕೀ ಒಂದು ಗುಟ್ಟಾಗಿದ್ದರೆ ವ್ಯವಸ್ಥೆ ಉಳಿಯಬೇಕು ಅಂತ ಗುಪ್ತಲಿಪಿ ತಜ್ಞ ಕೆರ್ಕ್‌ಹಾಫ್ಸ್ 1883ರಲ್ಲೇ ಬರೆದಿದ್ದರು. ನನ್ನ ವ್ಯವಸ್ಥೆಯಲ್ಲಿ ಕೀಯೇ ಉಳಿಯಲಿಲ್ಲ.

ವಾರ 3

ಎಇಎಸ್, ಕೀ ಬಳಸಿ ಗುಟ್ಟು ಮಾಡುವ ಒಂದು ವಿಧಾನ. 2001ರಲ್ಲಿ ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ ಸ್ಟ್ಯಾಂಡರ್ಡ್ ಮಾಡಿದ್ದು, 16 ಬೈಟಿನ ತುಂಡುಗಳಲ್ಲಿ ಕೆಲಸ. ಪೇಂಟ್‌ನಲ್ಲಿ ದೊಡ್ಡದಾಗಿ 'ಕ' ಬರೆದು, ಬಿಎಂಪಿ ಫೈಲಿನ 54 ಬೈಟಿನ ಹೆಡರ್ (ಚಿತ್ರದ ಅಳತೆ ಇತ್ಯಾದಿ ಇರುವ ಆರಂಭದ ಭಾಗ) ಬಿಟ್ಟು ಉಳಿದದ್ದನ್ನು, ಪ್ರತಿ ತುಂಡಿಗೂ ಅದೇ ಕೀಯಿಂದ ಬೇರೆಬೇರೆಯಾಗಿ ಬೀಗ ಹಾಕುವ ಇಸಿಬಿ ಮೋಡ್‌ನಲ್ಲಿ ಎನ್‌ಕ್ರಿಪ್ಟ್ ಮಾಡಿದೆ. ತೆರೆದರೆ ಬಣ್ಣ ಬೇರೆ, 'ಕ' ಮಾತ್ರ ಹಾಗೇ ಕೂತಿದೆ. ಒಂದೇ ತರದ ತುಂಡಿಗೆ ಒಂದೇ ತರದ ಉತ್ತರ ಬಂದರೆ ಇನ್ನೇನಾಗುತ್ತದೆ!

ವಾರ 4

ಇಸಿಬಿ ಬಿಟ್ಟು ಎಇಎಸ್‌ನ ಇನ್ನೊಂದು ಮೋಡ್, ಜಿಸಿಎಂಗೆ ಬಂದೆ. ಇದು ಒಳಗೆ ಸಂಖ್ಯೆಗಳ ಸಾಲೊಂದನ್ನು ಹುಟ್ಟಿಸಿ ಸಂದೇಶದ ಜೊತೆ ಎಕ್ಸಾರ್ ಮಾಡುತ್ತದೆ. ಇದಕ್ಕೆ ಕೀ ಜೊತೆ ನಾನ್ಸ್ ಅಂತ 12 ಬೈಟು ಕೊಡಬೇಕು, ಪ್ರತಿ ಸಂದೇಶಕ್ಕೂ ಬೇರೆ. ಪರೀಕ್ಷೆ ಮಾಡೋಕೆ ಸುಲಭ ಆಗಲಿ ಅಂತ ನಾನು 12 ಸೊನ್ನೆ ಹಾಕಿ ಮರೆತೇಬಿಟ್ಟಿದ್ದೆ. ಮೊದಲ ಸಂದೇಶ ಅದೇ ಶನಿವಾರದ್ದು, ಎರಡನೇ ಸಂದೇಶ "ಭಾನುವಾರ ಬರಲ್ಲ". ಅನುಮಾನ ಬಂದು ಎರಡೂ ಉತ್ತರಗಳನ್ನು ಒಂದಕ್ಕೊಂದು ಎಕ್ಸಾರ್ ಮಾಡಿದೆ.

0, 0, ಏನೋ ಒಂದು, 0, 0, ಏನೋ ಒಂದು... ಮತ್ತೆ ಮೂರಕ್ಕೊಂದು! ನಾನ್ಸ್ ಒಂದೇ ಆದರೆ ಒಳಗೆ ಹುಟ್ಟುವ ಸಂಖ್ಯೆಗಳ ಸಾಲೂ ಒಂದೇ. ಎಕ್ಸಾರ್‌ನಲ್ಲಿ ಅದು ಕಳೆದುಹೋಗಿ ಬರೀ ಎರಡು ಸಂದೇಶಗಳು ಉಳಿಯುತ್ತವೆ. 224ಕ್ಕೆ 224 ಎಕ್ಸಾರ್ ಆದರೆ ಸೊನ್ನೆ. ಎರಡನೇ ಬೈಟುಗಳೂ ಮೊದಲ 18ರೊಳಗೆ ಸೊನ್ನೆಯೇ, 'ನು'ವಿನ ಕೊಂಬಿನ ಹತ್ತಿರ ಮಾತ್ರ 1. ಎಇಎಸ್ ಇದ್ದೂ ಎರಡನೇ ವಾರಕ್ಕೇ ವಾಪಸ್. ಸಂದೇಶ ತಿದ್ದಿದರೆ ಹಿಡಿಯುವ ಜಿಸಿಎಂನ ಕಾವಲೂ ಇದರಿಂದ ಮುರಿಯುತ್ತದೆ. ಆ ಗಣಿತಕ್ಕೆ ಇನ್ನೂ ಕೈ ಹಾಕಿಲ್ಲ.

ಸೊನ್ನೆಗಳನ್ನು ತೆಗೆದು ಪ್ರತಿ ಸಲ ಹೊಸ ರ‍್ಯಾಂಡಮ್ ನಾನ್ಸ್ ಬರುವ ಹಾಗೆ ಮಾಡಿದೆ. ಹೊಸ ಹಾಳೆಯನ್ನು ಹುಡುಗನಿಗೆ ಕೊಟ್ಟೆ. ಅರ್ಧ ಗಂಟೆ ಪೆನ್ಸಿಲ್ ಕಚ್ಚಿ, "ಇದು ಬರೀ ಕಸ ಮಾಮಾ" ಅಂತ ಬ್ಯಾಟು ಹಿಡಿದು ಕೆಳಗೆ ಓಡಿದ.