ಗಣಿಯ ಬಾಯಿಯವರೆಗೆ ಹೋದವರು ಒಳಗೇಕೆ ಹೋಗಲಿಲ್ಲ?

ಕಳ್ಳಿಗಳು ಹೂಬಿಡುವ ಏಪ್ರಿಲ್ ತಿಂಗಳಲ್ಲಿ ನಾವೊಂದು ಗುಂಪು ಕ್ಯಾಲಿಫೋರ್ನಿಯಾದ ಜೋಶುವಾ ಟ್ರೀ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿ, ಅಲ್ಲಿನ ಮರುಭೂಮಿಯಲ್ಲಿ ಲಾಸ್ಟ್ ಹಾರ್ಸ್ ಎಂಬ ಪಾಳುಬಿದ್ದ ಚಿನ್ನದ ಗಣಿಯವರೆಗೆ ಚಾರಣ ಮಾಡಿದ್ದೆವು. ಅದರ ಚಿತ್ರಗಳನ್ನು ನೋಡಿದ ಪುಣೆಯ ಕನ್ನಡ ಗೆಳೆಯರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಅಷ್ಟು ದೂರ ಹೋಗಿ ಗಣಿಯೊಳಗೆ ಕಾಲಿಡದೆ ಬಂದಿರಲ್ಲ, ಯಾಕೆ?" ಅಲ್ಲಿ ಬೇಲಿಯಿದೆ, ಪ್ರವೇಶವಿಲ್ಲ ಎಂದರೆ ಉತ್ತರ ಮುಗಿಯುತ್ತದೆ. ಆದರೆ ಬೇಲಿ ಇಲ್ಲದಿದ್ದರೂ ನಾನು ಹೋಗುತ್ತಿರಲಿಲ್ಲ, ಜೊತೆಗಿದ್ದವರನ್ನೂ ಹೋಗಗೊಡುತ್ತಿರಲಿಲ್ಲ.

ಪ್ರಶ್ನೆ ಎಲ್ಲಿಂದ ಬರುತ್ತದೆಂದು ಬಲ್ಲೆ. ಸಹ್ಯಾದ್ರಿಯಲ್ಲಿ ಚಾರಣ ಕಲಿತ ನಮಗೆ ಬಂಡೆಯಲ್ಲೊಂದು ದ್ವಾರ ಕಂಡರೆ ಒಳಹೊಕ್ಕು ನೋಡುವುದು ರೂಢಿ. ಆದರೆ ಪುಣೆ ಜಿಲ್ಲೆಯ ಕಾರ್ಲಾ, ಭಾಜೆ, ಲೇಣ್ಯಾದ್ರಿಗಳ ಬೌದ್ಧ ಗುಹೆಗಳು ಗಟ್ಟಿ ಬಸಾಲ್ಟ್ ಶಿಲೆಯಲ್ಲಿ, ಎಷ್ಟು ಕಲ್ಲನ್ನು ಉಳಿಸಬೇಕೆಂದು ಯೋಚಿಸಿ, ಉಳಿಯಿಂದ ಕೊರೆದವು. ಕಾರ್ಲಾದ ಚೈತ್ಯಗೃಹದಲ್ಲಿ, ಎಂದರೆ ಬೌದ್ಧರ ಪ್ರಾರ್ಥನಾ ಮಂದಿರದಲ್ಲಿ, ತಲೆಯೆತ್ತಿ ನೋಡಿ: ಸುಮಾರು ಎರಡು ಸಾವಿರ ವರ್ಷ ಹಳೆಯ ಮರದ ಪಕ್ಕೆಗಳು ಕಮಾನಿಗೆ ಅಂಟಿಕೊಂಡಿವೆ, ಆದರೆ ಚಾವಣಿಯ ಭಾರವನ್ನು ಅವು ಹೊತ್ತಿಲ್ಲ. ಗಣಿಯಲ್ಲಿ ಭಾರ ಹೊರುವುದು ಅನೇಕ ಕಡೆ ಮರವೇ. ಅದಿರಿನ ಎಳೆ ಸಾಗಿದತ್ತ ಸಿಡಿಮದ್ದು ಹಾರಿಸುತ್ತ ಹೋದದ್ದರಿಂದ ಬಿರುಕುಬಿಟ್ಟ ಬಂಡೆ, ಅದರ ಕೆಳಗೆ ದಶಕಗಳಿಂದ ಯಾರೂ ಬದಲಿಸದ ತೊಲೆ. ಕಾಲಡಿಯ ಹಲಗೆಯ ಕೆಳಗೆ ನೇರವಾಗಿ ಇಳಿಯುವ, ಬಾವಿಯಂಥ ಶಾಫ್ಟ್ ಇರಬಹುದು. ಆಮ್ಲಜನಕ ಕಡಿಮೆಯಾದ ಗಾಳಿ ನಿಂತಿರಬಹುದು, ಅದು ಮೂಗಿಗೆ ತಿಳಿಯುವುದೇ ಇಲ್ಲ. ಗಣಿಯನ್ನು ನಡೆಸುವವರು ಇರುವವರೆಗೆ ಮಾತ್ರ ಅದು ಮನುಷ್ಯರು ಹೋಗಬಹುದಾದ ಜಾಗ. ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿ ಪಂಪುಗಳು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿಕೊಂಡದ್ದು ನಮ್ಮವರಿಗೆ ಹೊಸ ಸಂಗತಿಯೇನಲ್ಲ.

ಹೊರಗೆ ನೋಡಲು ಇರುವುದೇನು ಕಡಿಮೆಯೇ? ಅದಿರು ಕುಟ್ಟುತ್ತಿದ್ದ ಹತ್ತು ಒನಕೆಗಳ ಯಂತ್ರ ಇಳಿಜಾರಿನಲ್ಲಿ ಇನ್ನೂ ನಿಂತಿದೆ. 1894ರಿಂದ 1931ರ ನಡುವೆ ಈ ಗಣಿಯಿಂದ 10,000 ಔನ್ಸಿಗೂ ಹೆಚ್ಚು ಚಿನ್ನ ಬಂತು.

ಇನ್ನು ಹೂವುಗಳು. ನಮ್ಮ ಪಾಪಾಸುಕಳ್ಳಿಯ ಕುಲಕ್ಕೇ ಸೇರಿದ ಬೀವರ್‌ಟೇಲ್ ಕಳ್ಳಿಯ ಬೂದು ಹಸಿರು ಹಾಳೆಗಳ ಅಂಚಿನಲ್ಲಿ ಕಡು ಗುಲಾಬಿ ಹೂಗಳು ಸಾಲಾಗಿ ಅರಳುತ್ತವೆ. ಒಂದರೊಳಗೆ ದುಂಬಿಯೊಂದು ಇಳಿದಾಗ ಕೇಸರಗಳೆಲ್ಲ ಮೆಲ್ಲನೆ ಒಳಕ್ಕೆ ಬಾಗಿ ಅದರ ಮೈಗೆ ಪರಾಗ ಸವರಿದ್ದನ್ನು ನಾವು ಮಂಡಿಯೂರಿ ನೋಡಿದೆವು. ಗಣಿ ತಲುಪುವ ಆತುರದಲ್ಲಿದ್ದವರೂ ಅಲ್ಲಿ ನಿಂತರು. ಸ್ವಲ್ಪ ಎತ್ತರದಲ್ಲಿ, ಬಂಡೆಗಳ ಸಂದಿನಲ್ಲಿ, ಗುಂಪಾಗಿ ಬೆಳೆಯುವ ಮೊಹಾವಿ ಕಳ್ಳಿಯ ಕೆಂಪು ಹೂಗಳು ಕಾಣುತ್ತವೆ. ಉದ್ಯಾನಕ್ಕೆ ಹೆಸರು ಕೊಟ್ಟ ಜೋಶುವಾ ಮರ ಮಾತ್ರ ಕಳ್ಳಿಯಲ್ಲ, ಅದು ಯುಕ್ಕಾ ಜಾತಿಯದು.

ಗಣಿಗೆ ಹೋಗಿ ಬರಲು ನಡಿಗೆ ಸುಮಾರು ಆರೂವರೆ ಕಿಲೋಮೀಟರ್. ಪುಣೆಯ ಬಳಿಯ ಸಿಂಹಗಡ ಕೋಟೆ ಹತ್ತಿದವರಿಗೆ ಕಷ್ಟವಲ್ಲ, ಆದರೆ ದಾರಿಯಲ್ಲಿ ನೀರೂ ಇಲ್ಲ, ನೆರಳೂ ಇಲ್ಲ. ಒಬ್ಬೊಬ್ಬರಿಗೂ ದಿನಕ್ಕೆ 4 ಲೀಟರಿನಷ್ಟು ನೀರು ಬೇಕು, ಹೊರಡುವುದು ಬೆಳಗ್ಗೆ ಬೇಗನೆ ಆಗಬೇಕು. ಒಂದು ಚಿಮಟವೂ ಜೊತೆಗಿರಲಿ: ಬೀವರ್‌ಟೇಲ್‌ಗೆ ಉದ್ದನೆಯ ಮುಳ್ಳಿಲ್ಲವೆಂದು ಮುಟ್ಟಿದರೆ, ಕಣ್ಣಿಗೆ ಕಾಣದಷ್ಟು ಸಣ್ಣ ಮುಳ್ಳಿನ ಕೂದಲು ಬೆರಳ ತುಂಬ ಚುಚ್ಚಿಕೊಳ್ಳುತ್ತದೆ.