22ನೇ ವಯಸ್ಸಿಗೇ ಲೋರ್ ಮನೋದು ಈಜು ಬಿಟ್ಟದ್ದೇಕೆ?

‘ಅಷ್ಟೆಲ್ಲ ಗೆದ್ದವರು, ದೇಶಕ್ಕೆ ದೇಶವೇ ತಲೆಯ ಮೇಲೆ ಹೊತ್ತು ಮೆರೆಸಿದವರು, 22ನೇ ವಯಸ್ಸಿಗೇ ಕೊಳದಿಂದ ಎದ್ದು ಹೋದದ್ದೇಕೆ?’ ಫ್ರಾನ್ಸಿನ ಲೋರ್ ಮನೋದು ಅವರ ಮಾತು ತೆಗೆದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆಯಿದು. ಪ್ರೇಮ ಪ್ರಕರಣವೇ ಕಾರಣವೆಂದು ಕೇಳುವವರು ಮೊದಲೇ ತೀರ್ಮಾನಿಸಿಕೊಂಡಿರುತ್ತಾರೆ. ನನಗೆ ಅದು ಅರೆಬೆಂದ ಉತ್ತರವೆನಿಸುತ್ತದೆ.

2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಅವರು 400 ಮೀಟರ್ ಫ್ರೀಸ್ಟೈಲ್ ಗೆದ್ದಾಗ ವಯಸ್ಸು 17. 1952ರಲ್ಲಿ ಹೆಲ್ಸಿಂಕಿಯಲ್ಲಿ ಝಾನ್ ಬ್ವಾತೋ ಇದೇ ದೂರದ ಸ್ಪರ್ಧೆ ಗೆದ್ದ ನಂತರ ಈಜಿನಲ್ಲಿ ಫ್ರಾನ್ಸ್‌ಗೆ ಒಲಿಂಪಿಕ್ ಚಿನ್ನವೇ ದಕ್ಕಿರಲಿಲ್ಲ. ಆ ದೇಶದ ಮಹಿಳೆಯರಿಗಂತೂ ಅದು ಮೊಟ್ಟಮೊದಲನೆಯದು. ಹದಿಹರೆಯದಲ್ಲೇ ಮನೆ ಬಿಟ್ಟು, ಮೆಲನ್ ಪಟ್ಟಣದಲ್ಲಿ ಕೋಚ್ ಫಿಲಿಪ್ ಲೂಕಾ ಅವರ ಕಠಿಣ ಶಿಸ್ತಿಗೆ ಒಡ್ಡಿಕೊಂಡು ದಿನವೂ ಹಲವು ಕಿಲೋಮೀಟರ್ ಈಜುತ್ತಿದ್ದ ಹುಡುಗಿ, ಅರ್ಧ ಶತಮಾನ ಬರಿಗೈಯಲ್ಲಿ ಕಾದಿದ್ದ ದೇಶದ ಆಸೆಯನ್ನೆಲ್ಲ ಒಂದೇ ಸಂಜೆಯಲ್ಲಿ ಹೆಗಲಿಗೇರಿಸಿಕೊಂಡರು. ಹಂಚಿಕೊಳ್ಳಲು ಅಷ್ಟೇ ಹೆಸರಾದ ಇನ್ನೊಬ್ಬ ಈಜುಗಾರ್ತಿ ಫ್ರಾನ್ಸ್‌ನಲ್ಲಿ ಆಗ ಇರಲಿಲ್ಲ.

ನಂತರದ ಮೂರು ವರ್ಷ ಅವರದೇ. ಅಮೆರಿಕದ ಜಾನೆಟ್ ಇವಾನ್ಸ್ 1988ರಲ್ಲಿ ಬರೆದಿದ್ದ 4 ನಿಮಿಷ 3.85 ಸೆಕೆಂಡುಗಳ 400 ಮೀಟರ್ ವಿಶ್ವದಾಖಲೆಯನ್ನು 2006ರಲ್ಲಿ ತೂರ್ ನಗರದಲ್ಲಿ ಮುರಿದು, ಅದೇ ವರ್ಷ ಬುಡಾಪೆಸ್ಟ್‌ನಲ್ಲಿ 4 ನಿಮಿಷ 2.13 ಸೆಕೆಂಡಿಗೆ ಇಳಿಸಿದರು. 2007ರಲ್ಲಿ ಮೆಲ್ಬರ್ನ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 200 ಮತ್ತು 400 ಮೀಟರ್ ಎರಡರಲ್ಲೂ ಚಿನ್ನ.

ಅದೇ ವರ್ಷ ಅವರು ಕೋಚ್ ಫಿಲಿಪ್ ಲೂಕಾ ಅವರನ್ನು ತೊರೆದು, ಇಟಲಿಯ ಈಜುಗಾರ ಲೂಕಾ ಮರಿನ್ ಅವರ ಸಲುವಾಗಿ ಟ್ಯುರಿನ್‌ಗೆ ಹೋದದ್ದು ನಿಜ. ಆದರೆ ಪ್ರೇಮಿಸುವುದು ಆ ವಯಸ್ಸಿನವರೆಲ್ಲ ಮಾಡುವ ಕೆಲಸ. ಅದನ್ನು ಪತ್ರಿಕೆಗಳು ಸರಕಾಗಿಸಿಕೊಂಡದ್ದು ಅವರ ಪಾಲಿಗೆ ಮಾತ್ರ ಬಂದ ಕಷ್ಟ. 2008ರ ಬೀಜಿಂಗ್ ಒಲಿಂಪಿಕ್ಸ್‌ನ 400 ಮೀಟರ್ ಫೈನಲ್‌ನಲ್ಲಿ ಎಂಟು ಮಂದಿಯಲ್ಲಿ ಎಂಟನೆಯವರಾದರು. ಅಂದು ಗೆದ್ದ ಬ್ರಿಟನ್ನಿನ ರೆಬೆಕಾ ಆಡ್ಲಿಂಗ್ಟನ್ ಅವರ ಸಮಯ 4 ನಿಮಿಷ 3.22 ಸೆಕೆಂಡ್, ಅಂದರೆ ಮನೋದು ಎರಡು ವರ್ಷದ ಹಿಂದೆಯೇ ಈಜಿ ತೋರಿಸಿದ್ದಕ್ಕಿಂತ ನಿಧಾನ. 21ರ ಹರೆಯದಲ್ಲಿ ತೋಳಿನ ಬಲ ಅಷ್ಟು ಬೇಗ ಬತ್ತುವುದಿಲ್ಲ, ಮನಸ್ಸು ದಣಿದಿತ್ತೆಂದೇ ನಾನು ಓದಿಕೊಳ್ಳುತ್ತೇನೆ. 2009ರಲ್ಲಿ ಅವರು ನಿವೃತ್ತಿ ಘೋಷಿಸಿದಾಗ ನನಗೆ ಆಶ್ಚರ್ಯವಾಗಲಿಲ್ಲ.

ಮತ್ತೆ ಮರಳಿ 2012ರ ಲಂಡನ್ ಒಲಿಂಪಿಕ್ಸ್‌ಗೆ ಬಂದರಾದರೂ ಬ್ಯಾಕ್‌ಸ್ಟ್ರೋಕ್‌ನ ಮೊದಲ ಸುತ್ತಿನ ಹೀಟ್ಸ್ ದಾಟಲಿಲ್ಲ. ಅಲ್ಲಿ 50 ಮೀಟರ್ ಫ್ರೀಸ್ಟೈಲ್‌ನ ಚಿನ್ನ ಗೆದ್ದದ್ದು ಅವರ ತಮ್ಮ ಫ್ಲೋರಾಂ. ಕೊಳದ ಅಂಚಿಗೆ ಓಡಿಬಂದು ಅವರನ್ನು ತಬ್ಬಿಕೊಂಡ ಅಕ್ಕನ ಮುಖವನ್ನು, ಪದಕಗಳ ಲೆಕ್ಕ ಮರೆತವರೂ ನೆನಪಿಟ್ಟಿದ್ದಾರೆ. 2013ರ ಆರಂಭದಲ್ಲಿ ಅವರು ಪೂರ್ತಿಯಾಗಿ ನಿವೃತ್ತರಾದರು. ಹನ್ನೊಂದು ವರ್ಷಗಳ ಬಳಿಕ, 2024ರ ಏಪ್ರಿಲ್‌ನಲ್ಲಿ ಪ್ಯಾರಿಸ್ ಕ್ರೀಡಾಕೂಟದ ಜ್ಯೋತಿ ಒಲಿಂಪಿಯಾದಲ್ಲಿ ಹೊತ್ತಿದಾಗ, ಅದನ್ನು ಹಿಡಿದು ಓಡಿದ ಮೊದಲ ಫ್ರೆಂಚ್ ಕೈ ಅವರದೇ ಆಗಿತ್ತು.