233 ಟ್ರಿಪಲ್, ಹೆಸರಿಲ್ಲದ ಸಮಾಧಿ

ಅಮೆರಿಕದ ಕನೆಕ್ಟಿಕಟ್‌ಗೆ ಬಂದು ಆರು ವರ್ಷವಾದರೂ ಬೇಸ್‌ಬಾಲ್ ನನ್ನ ತಲೆಗೆ ಹತ್ತಿರಲಿಲ್ಲ. ಮಗ ಶಾಲೆಯಲ್ಲಿ ಆಡೋಕೆ ಶುರು ಮಾಡಿದ ಮೇಲೆ ಬೇರೆ ದಾರಿ ಉಳಿಯಲಿಲ್ಲ. ಕಳೆದ ಭಾನುವಾರ ಅವನೇ ನನ್ನನ್ನು ವಾಟರ್‌ಬರಿಯ ಹಳೇ ಸೇಂಟ್ ಜೋಸೆಫ್ ಸ್ಮಶಾನಕ್ಕೆ ಎಳೆದುಕೊಂಡು ಹೋದ. ಹಿಂದಿನ ದಿನವಷ್ಟೇ ಹಿಮ ಬಿದ್ದಿತ್ತು. ಹುಡುಕಿ ಹುಡುಕಿ ಬೂಟಿನೊಳಗೆಲ್ಲ ನೀರು. ಕೊನೆಗೊಂದು ಕಲ್ಲಿನ ಮೇಲಿನ ಹಿಮವನ್ನು ಅವನು ಕೈಗವಸಿನಿಂದ ಒರೆಸಿದಾಗ ಹೆಸರು ಕಾಣಿಸಿತು: ರೋಜರ್ ಕಾನರ್.

ಹಳೇ ಕಾಲದ ಬೇಸ್‌ಬಾಲ್ ಆಟಗಾರ, ಈ ಊರಲ್ಲೇ ಹುಟ್ಟಿದವನು. ತೀರಿಕೊಂಡಿದ್ದು 1931ರಲ್ಲಿ, ಕಲ್ಲು ಬಂದಿದ್ದು 2001ರಲ್ಲಿ. ಊರಿನವರು ದುಡ್ಡು ಸೇರಿಸಿ ನೆಡಿಸಿದರಂತೆ. ಅಲ್ಲಿಯವರೆಗೆ ಎಪ್ಪತ್ತು ವರ್ಷ ಗುರುತೇ ಇರಲಿಲ್ಲ.

ಬೇಬ್ ರೂತ್ ಹೆಸರು ನೀವೂ ಕೇಳಿರುತ್ತೀರಿ. ಬೇಸ್‌ಬಾಲ್‌ನ ದಂತಕಥೆ. ಅವನಿಗಿಂತ ಮುಂಚೆ ಅತಿ ಹೆಚ್ಚು ಹೋಮ್ ರನ್ ಹೊಡೆದವನು ಈ ಕಾನರ್. ಹೋಮ್ ರನ್ ಅಂದರೆ ಒಂದೇ ಹೊಡೆತಕ್ಕೆ ನಾಲ್ಕೂ ಬೇಸ್, ಅಂದರೆ ಮೈದಾನದ ನಾಲ್ಕು ಮೂಲೆಯ ಗುರುತು, ಸುತ್ತಿ ಬರುವುದು; ಸಾಮಾನ್ಯವಾಗಿ ಚೆಂಡು ಬೇಲಿ ದಾಟಿದಾಗ. 1880ರಿಂದ 1897ರವರೆಗೆ 138. ರೂತ್ ಅದನ್ನು ದಾಟಿದ್ದು 1921ರಲ್ಲಿ. ತಮಾಷೆ ಏನೆಂದರೆ, ದಾಟಿದ ದಿನ ಯಾರಿಗೂ ಅದು ಗೊತ್ತೇ ಆಗಲಿಲ್ಲ! ಲೆಕ್ಕ ಇಡುವವರೇ ಇರಲಿಲ್ಲ. 1974ರಲ್ಲಿ ಹ್ಯಾಂಕ್ ಆರನ್ ಅನ್ನೋ ಆಟಗಾರ ರೂತ್‌ನ 714 ಹೋಮ್ ರನ್ ದಾಟಿದಾಗ, ಹಾಗಾದರೆ ರೂತ್‌ಗಿಂತ ಮುಂಚೆ ಯಾರು ಅಂತ ಜನ ಕೆದಕಿದರು. 1976ರಲ್ಲಿ ಕಾನರ್‌ಗೆ ಬೇಸ್‌ಬಾಲ್ ದಿಗ್ಗಜರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್‌ನಲ್ಲಿ ಜಾಗ ಸಿಕ್ಕಿತು.

ಅವನ ಕಾಲದವರ ಪಕ್ಕ ಇಟ್ಟು ನೋಡಿದರೆ ಇನ್ನೂ ಮಜಾ. ಹೋಮ್ ರನ್‌ನಲ್ಲಿ ಸ್ಯಾಮ್ ಥಾಂಪ್ಸನ್ 126, ಹ್ಯಾರಿ ಸ್ಟೋವಿ 122, ಡ್ಯಾನ್ ಬ್ರೂದರ್ಸ್ 106. ಆದರೆ ಸರಾಸರಿಗೆ ಬಂದರೆ ಕಾನರ್ ಹಿಂದೆ. ಇಲ್ಲಿ ಸರಾಸರಿ ಅಂದರೆ ನಮ್ಮ ಕ್ರಿಕೆಟ್ಟಿನ ಥರ ಔಟಿಗೆ ಎಷ್ಟು ರನ್ ಅಂತಲ್ಲ, ಸಾವಿರ ಅವಕಾಶದಲ್ಲಿ ಎಷ್ಟು ಹಿಟ್, ಅಂದರೆ ಹೊಡೆದು ಬೇಸ್ ಮುಟ್ಟಿದ್ದು ಎಷ್ಟು ಸಲ ಅಂತ. ಕಾನರ್‌ದು 316, ಬ್ರೂದರ್ಸ್‌ದು 342. ಲೀಗಿನಲ್ಲೇ ಹೆಚ್ಚು ಸರಾಸರಿ ಅಂತ ಬ್ರೂದರ್ಸ್ ಐದು ಸಲ ಅನ್ನಿಸಿಕೊಂಡ. ಕಾನರ್ ಒಂದೇ ಸಲ, 1885ರಲ್ಲಿ. ಒಳ್ಳೆಯ ಬ್ಯಾಟರ್ ಯಾರು ಅಂದರೆ ಬ್ರೂದರ್ಸ್ ಅಂತಲೇ ಹೇಳಬೇಕು. ಅದರಲ್ಲಿ ಮುಚ್ಚುಮರೆ ಏನಿಲ್ಲ.

ನನ್ನನ್ನು ಹಿಡಿದಿದ್ದು ಇನ್ನೊಂದು ಅಂಕಿ. 233 ಟ್ರಿಪಲ್. ಚೆಂಡು ಹೊಡೆದು ಒಂದೇ ಓಟಕ್ಕೆ ಮೂರನೇ ಬೇಸ್ ಮುಟ್ಟುವುದು. ಆಗಿನ ಚೆಂಡು ಈಗಿನಷ್ಟು ಪುಟಿಯುತ್ತಿರಲಿಲ್ಲ, ಎಷ್ಟೋ ಮೈದಾನಗಳ ಬೇಲಿ ಎಲ್ಲೋ ದೂರ. ಹಾಗಾಗಿ ಜೋರಾಗಿ ಹೊಡೆದವನ ಚೆಂಡು ಆಚೆ ಹಾರುತ್ತಿರಲಿಲ್ಲ, ಉರುಳುತ್ತಾ ಹೋಗುತ್ತಿತ್ತು. ಹೊಡೆದವನು ಓಡಬೇಕಿತ್ತು. ಆರಡಿ ಮೂರಿಂಚಿನ, ನೂರು ಕಿಲೋ ತೂಕದ ಆಸಾಮಿ ಹೀಗೆ 233 ಸಲ ಓಡಿದ್ದಾನೆ! ಟ್ರಿಪಲ್‌ನಲ್ಲಿ ಇವತ್ತಿಗೂ ಮೊದಲ ಐವರಲ್ಲಿದ್ದಾನೆ. ರೂತ್ ಹೊಡೆದಿದ್ದು 136, ಆರನ್ 98. ಈಗಿನ ಬೇಲಿ, ಈಗಿನ ಚೆಂಡು ಇದ್ದಿದ್ದರೆ ಅವುಗಳಲ್ಲಿ ಎಷ್ಟು ಹೋಮ್ ರನ್ ಆಗುತ್ತಿದ್ದವೋ. ಅದೂ ಅವನು ಶುರು ಮಾಡಿದಾಗ ಸೀಸನ್ನಿಗೆ 84 ಪಂದ್ಯ ಅಷ್ಟೇ, ಈಗ 162.

ರಾತ್ರಿ ಅಪ್ಪನಿಗೆ ಫೋನ್ ಮಾಡಿ ಇದನ್ನೆಲ್ಲ ಒದರಿದೆ. ಅಪ್ಪ ವಿಶ್ವನಾಥ್ ಭಕ್ತರು. ಸರಾಸರಿಯಲ್ಲಿ ಗವಾಸ್ಕರ್ 51, ವಿಶಿ 42 ಅಂತ ಯಾರಾದರೂ ಬಾಯಿ ಬಿಟ್ಟರೆ ಸಾಕು, 1975ರ ಮದ್ರಾಸ್ ಟೆಸ್ಟ್ ತೆಗೆಯುತ್ತಾರೆ. ವೆಸ್ಟ್ ಇಂಡೀಸ್ ಎದುರು ತಂಡ 190ಕ್ಕೆ ಆಲೌಟ್, ವಿಶಿ ಔಟಾಗದೆ 97.

"ಆ 97 ನೂರರ ಲೆಕ್ಕಕ್ಕೆ ಬರಲ್ಲ, ಅಲ್ವಾ?" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಸರಿ, ಅವನ ಕಲ್ಲಿನ ಮೇಲೆ ಯಾವ ನಂಬರ್ ಬರೆದಿದ್ದಾರೆ?" ಅಂತ ಕೇಳಿದರು.

ಹೆಸರು ಕಂಡ ಖುಷಿಯಲ್ಲಿ ಕೆಳಗಿನ ಹಿಮ ಒರೆಸಿರಲೇ ಇಲ್ಲ. ಬರುವ ಭಾನುವಾರ ಮತ್ತೆ ಹೋಗಬೇಕು.